ಜೂನ್‌ಗೆ ಇಟ್ಟುಕೊಂಡ ಮದುವೆ

ಪೆನ್‌ಹೇಲ್, ಮಿಶಿಗನ್
ಮೇ 12, 1996

ಪ್ರೀತಿಯ ಟ್ಯಾಮ್ಸಿನ್,

ನೀನು ಕಳಿಸಿದ ಹೂವು ನಿನ್ನೆ ಬಂತು. ಅಮ್ಮಂದಿರ ದಿನಕ್ಕೆ ಸರಿಯಾಗಿ ಮುಟ್ಟಲಿ ಅಂತ ಅಂಗಡಿಯವನ ಪ್ರಾಣ ತಿಂದಿರಬೇಕು ನೀನು. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ, ಚೆನ್ನಾಗಿದೆ. ನಿನ್ನ ಫೋನುಗಳಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಕ್ಷಮಿಸು. ಮನೆಯಲ್ಲಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಫೋನಿನ ರೆಕಾರ್ಡಿಂಗ್ ಮೆಷಿನ್ನಿನಲ್ಲಿ ನಿನ್ನ ದನಿ ಬರುವಾಗ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಎತ್ತಿದರೆ ಬಾಯಿಗೆ ಬಂದದ್ದು ಆಡಿಬಿಡುತ್ತೇನೆ ಅಂತ ಹೆದರಿಕೆ. ಕಾಗದವಾದರೆ ಬರೆದು ಹರಿಯಬಹುದು. ಹಾಗೆ ಹರಿದದ್ದೂ ಆಯಿತು.

ಊರಲ್ಲಿ ಎಲ್ಲರೂ ಆರಾಮ. ಸರೋವರದ ಮಂಜುಗಡ್ಡೆ ಪೂರ್ತಿ ಕರಗಿದೆ, ಆದರೆ ಚರ್ಚಿನ ಹಿಂದಿನ ನೆರಳಲ್ಲಿ ಇನ್ನೂ ಕೊಳಕು ಹಿಮದ ಗುಡ್ಡೆ ಬಿದ್ದಿದೆ. ಈಡಿತ್ ಬೊಲಿಥೊ ಜಾರಿ ಬಿದ್ದು ಕೈ ಉಳುಕಿಸಿಕೊಂಡಳು. ಅದರಿಂದ ಚರ್ಚಿನ ವೇದಿ ಸಿಂಗರಿಸುವ ನಮ್ಮ ವೇದಿ ಸಂಘದ ಹೆಂಗಸರಿಗೆ ಏನೂ ಲಾಭ ಆಗಲಿಲ್ಲ. ಅವಳು ಹುಕುಂ ಮಾಡುವುದು ಬಾಯಿಂದ ತಾನೆ.

ನಿನ್ನ ಮದುವೆಗೆ ನಾವು ಏನೆಲ್ಲ ಮಾಡಿದೆವು ಅಂತ ನಿನಗೆ ಪೂರ್ತಿ ಹೇಳಿರಲಿಲ್ಲ. ಹೇಳುತ್ತೇನೆ, ಕೇಳು. ಕ್ರಿಸ್ಮಸ್ಸಿಗೆ ನೀನೂ ಆರ್ವೋನೂ ಬಂದು, ಜೂನ್‌ನಲ್ಲಿ ಸಂತ ಪಿರಾನ್ ಚರ್ಚಿನಲ್ಲೇ ಮದುವೆ ಆಗ್ತೀವಿ ಅಂದಿರಲ್ಲ, ಮಾರನೇ ದಿನವೇ ನಾನು ಪಾದ್ರಿಯಮ್ಮ ಉರ್ಸುಲಾ ಹತ್ತಿರ ಓಡಿದೆ. ಅವರಿಗೆ ಹಬ್ಬದ ಪೂಜೆಗಳೆಲ್ಲ ಮುಗಿದು ಗಂಟಲು ಕಟ್ಟಿತ್ತು. ಪಿಸುದನಿಯಲ್ಲೇ ನಿಯಮ ಹೇಳಿದರು. ಹುಡುಗ ಲೂಥರನ್ ಪಂಗಡದವನಾದರೇನೂ ಅಡ್ಡಿಯಿಲ್ಲ, ದೀಕ್ಷಾಸ್ನಾನ ಆಗಿದೆಯಲ್ಲ, ಸಾಕು. ತಾವಿರುವ ಮಿಲ್‌ವಾಕಿಯಲ್ಲೇ ಒಬ್ಬ ಪಾದ್ರಿಯ ಹತ್ತಿರ ಇಬ್ಬರೂ ಕೂತು ಮಾತಾಡಲಿ. ಕೌಂಟಿ ಕಚೇರಿಯ ಮದುವೆ ಲೈಸೆನ್ಸು ಮಾತ್ರ ಮರೆಯಬೇಡಿ ಅಂತ.

ಆಮೇಲೆ ಹೂವಿನ ಜಗಳ. ವೇದಿಯ ಮೇಲೆ ಎರಡೇ ಹೂದಾನಿ, ಅದೂ ನಿಜವಾದ ಹೂವು, ದಳ ಎರಚುವಂತಿಲ್ಲ ಅಂತ ಈಡಿತ್ ಕಡ್ಡಿ ಮುರಿದಂತೆ ಹೇಳಿದಳು. ನಮ್ಮ ಹಿತ್ತಲಿನ ಲೈಲಾಕ್ ಆ ಹೊತ್ತಿಗೆ ಅರಳುತ್ತದೆ ಅಂದೆ. "ಅರಳದಿದ್ರೆ ನೀನೇ ಹೂದಾನೀಲಿ ನಿಂತ್ಕೋ" ಅಂದಳು. ಅವಳ ಗಂಡ ಆರ್ಗನ್ ನುಡಿಸುವವನು. ನೀನು ಕೇಳಿದ ಸಿನಿಮಾ ಹಾಡನ್ನು ನಾನು ಅವನ ಮುಂದೆ ಗುನುಗಿದೆ. ಆತ ಆರ್ಗನ್ನಿನ ಮುಚ್ಚಳ ಹಾಕಿ ಬೀಗ ಜಡಿದ. ಅಂಥವನನ್ನು ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಮಾಡಿ ತಿನ್ನಿಸಿ ತಿನ್ನಿಸಿ ಒಪ್ಪಿಸಿದೆ, ಎಲ್ಲರೂ ಒಳಗೆ ಬಂದು ಕೂರುವ ಹೊತ್ತಿನಲ್ಲಿ ಮಾತ್ರ ಅಂತ. ನಿನ್ನ ಅಜ್ಜಿ, ಮುತ್ತಜ್ಜಿ ಎಲ್ಲ ಆ ಚರ್ಚಿನ ಮೆಟ್ಟಿಲಿಳಿದೇ ಗಂಡನ ಮನೆಗೆ ಹೋದವರು. ತಾಮ್ರದ ಗಣಿ ಮುಚ್ಚಿ ಅರ್ಧ ಊರು ಖಾಲಿಯಾದ ಮೇಲೆ ಅಲ್ಲಿ ನಡೆಯುವುದೆಲ್ಲ ಬರೀ ಶವಸಂಸ್ಕಾರ. ಇಷ್ಟು ವರ್ಷದ ಮೇಲೆ ಒಂದು ಮದುವೆ ಅಂತ ಮುದುಕಿಯರೆಲ್ಲ ಹಿತ್ತಾಳೆಯನ್ನು ಕೈ ನೋಯುವಷ್ಟು ಉಜ್ಜಿದರು, ಟ್ಯಾಮ್ಸಿನ್. ಅದನ್ನು ನೀನು ತಿಳಿದಿರಬೇಕು.

ಏಪ್ರಿಲ್‌ನಲ್ಲಿ ಪೂಜಾಕ್ರಮದ ಹಾಳೆ ಅಚ್ಚಿಗೆ ಕೊಡಬೇಕಿತ್ತು. ಪಾದ್ರಿಯಮ್ಮನನ್ನು ಕೇಳಿದರೆ, ಮುಂದಿನ ವಾರ ನೋಡೋಣ ಅನ್ನುವರು. ಆ ವಾರ ಬಂದರೆ ಮತ್ತೆ ಮುಂದಿನ ವಾರ. ನನಗೆ ರೇಗಿತು. ಒಂದು ಗುರುವಾರ ಅವರ ಕೋಣೆಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತೇಬಿಟ್ಟೆ. ಅವರು ಚಹಾ ಬಗ್ಗಿಸುತ್ತಾ, "ಟ್ಯಾಮ್ಸಿನ್ ನಿಮಗೆ ಫೋನ್ ಮಾಡಿದ್ಳಾ?" ಅಂತ ಕೇಳಿದರು. ದಿನಾ ಮಾಡುತ್ತಾಳಲ್ಲ ಅಂದೆ. "ಹಾಗಲ್ಲ ಲೋರ್ನಾ. ನಿಮಗೊಂದು ವಿಷಯ ಹೇಳ್ತೀನಿ ಅಂತ ನನಗೆ ಮಾತು ಕೊಟ್ಟಿದ್ಳು. ಹೇಳಿಲ್ಲ ಅಂತ ಕಾಣತ್ತೆ. ನನ್ನ ಬಾಯಿಂದ ಬರಬಾರದು ಅದು. ಮನೆಗೆ ಹೋಗಿ ಅವಳನ್ನೇ ಕೇಳಿ."

ಆ ಚಹಾ ಹಾಗೇ ಬಿಟ್ಟು ಎದ್ದೆ. ದಾರಿಯುದ್ದಕ್ಕೂ ನಾನು ಏನೇನು ಕಲ್ಪಿಸಿಕೊಂಡೆ ಅಂತ ಕೇಳಬೇಡ. ನಿನಗೆ ದೊಡ್ಡ ಕಾಯಿಲೆ ಅಂದುಕೊಂಡೆ. ಆರ್ವೋಗೆ ಮೊದಲೇ ಒಂದು ಸಂಸಾರ ಇರಬೇಕು, ಬಿಷಪ್ಪರ ಅಪ್ಪಣೆ ಬೇಕಾಗಿರಬೇಕು ಅಂದುಕೊಂಡೆ. ಫೋನ್ ಮಾಡಿದರೆ ನೀನು ಶಾಲೆಯಲ್ಲಿದ್ದೆ. ಆರ್ವೋ ಎತ್ತಿದ. ಪಾಪ, ಆ ಹುಡುಗನನ್ನು ಬೈಯಬೇಡ. ನಾನು ಬಿಡಲಿಲ್ಲ ಅವನನ್ನು. "ಅಮ್ಮಾ, ನಂಗೆ ಸುಳ್ಳು ಹೇಳಕ್ಕೆ ಬರಲ್ಲ. ಅದಕ್ಕೇ ಇಷ್ಟು ದಿನ ನಿಮ್ಮ ಜೊತೆ ಮಾತೇ ಆಡ್ತಿರಲಿಲ್ಲ" ಅಂದ. ಆಮೇಲೆ ಹೇಳಿದ. ನಿಮ್ಮ ಮದುವೆ ಹೋದ ಅಕ್ಟೋಬರಿನಲ್ಲೇ ಆಗಿಹೋಗಿದೆ. ಕೋರ್ಟಿನಲ್ಲಿ. ನಿನ್ನ ಶಾಲೆಯ ಕೆಲಸದ ಆರೋಗ್ಯ ವಿಮೆ ನಿಂತುಹೋಗಿತ್ತು, ಮೊಣಕಾಲಿನ ಆಪರೇಷನ್ ತಡೆಯುವ ಹಾಗಿರಲಿಲ್ಲ, ಅವನ ಹೆಂಡತಿಯಾದರೆ ಅವನ ಹಡಗುಕಟ್ಟೆಯ ಕೆಲಸದ ವಿಮೆಯಲ್ಲೇ ಆಗುತ್ತದೆ ಅಂತ.

ಕೋಪಕ್ಕಿಂತ ಮೊದಲು ನಾಚಿಕೆ ಆಯಿತು, ನಿಜ ಹೇಳುತ್ತೇನೆ. ನವೆಂಬರಿನಲ್ಲಿ ಆಪರೇಷನ್ ಅಂತ ನಾನು ಬಸ್ಸು ಹಿಡಿದು ಬಂದಿದ್ದೆನಲ್ಲ. ಆಸ್ಪತ್ರೆಯಲ್ಲಿ ನರ್ಸು ಆರ್ವೋನನ್ನು ತೋರಿಸಿ ನಿನಗೆ, "ನಿಮ್ಮ ಗಂಡನಿಗೆ ಹೇಳಿ, ದಿಂಬು ಎತ್ತರಿಸಲಿ" ಅಂದಳು. "ಗಂಡ ಅಲ್ಲಮ್ಮ, ಇನ್ನೂ ಆಗಿಲ್ಲ" ಅಂತ ನಾನು ದೊಡ್ಡ ಗಂಟಲಲ್ಲಿ ತಿದ್ದಿದೆ. ನೀನು ಕಿಟಕಿಯ ಕಡೆ ತಿರುಗಿದೆ. ಆರ್ವೋ ದಿಂಬು ಎತ್ತರಿಸಿದ. ನರ್ಸು ನನ್ನನ್ನು ಎಂಥಾ ಪೆದ್ದು ಮುದುಕಿ ಅಂದುಕೊಂಡಳೋ. ಆ ಕೋಣೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಕ್ರಿಸ್ಮಸ್ಸಿಗೆ ಹೇಳಬೇಕು ಅಂತಲೇ ಬಂದಿದ್ದಿರಂತೆ. ಚರ್ಚು ಅಂದ ತಕ್ಷಣ ನಾನು ಕುಣಿದಾಡಿದ್ದು ನೋಡಿ ನಿನಗೆ ಬಾಯಿ ಬರಲಿಲ್ಲವಂತೆ. ಇರಬಹುದು. ನಾನು ಕುಣಿದದ್ದು ನಿಜ. ಆದರೆ ಆಮೇಲೆ ಎಷ್ಟು ತಿಂಗಳಿತ್ತು, ಮಗಳೇ. ಲೈಲಾಕಿನ ಮಾತು, ಹಾಡಿನ ಮಾತು, ಎಲ್ಲವನ್ನೂ ನನ್ನ ಜೊತೆ ಫೋನಿನಲ್ಲಿ ಚರ್ಚೆ ಮಾಡಿದೆ. ವಿಮೆಗಾಗಿ ಕೋರ್ಟಿಗೆ ಹೋಗ್ತೀವಮ್ಮ ಅಂದಿದ್ದರೆ ನಾನು ಬೇಡ ಅನ್ನುತ್ತಿದ್ದೆನಾ? ನಿನ್ನ ಕಾಲಿಗಿಂತ ನನಗೆ ಸಂಭ್ರಮ ಹೆಚ್ಚಾಗಿತ್ತಾ? ಬಸ್ಸು ಹತ್ತಿ ಬಂದು, ಕೋರ್ಟಿನ ಬೆಂಚಿನ ಮೇಲೆ ಕೂತು, ನಿಮ್ಮಿಬ್ಬರನ್ನೂ ಹರಸಿ ಹೋಗುತ್ತಿದ್ದೆ.

ಮೊದಲು ಎಲ್ಲ ರದ್ದು ಮಾಡಿಬಿಡೋಣ ಅನ್ನಿಸಿತು. ಪಾದ್ರಿಯಮ್ಮ ತಾವಾಗಿಯೇ ಮನೆಗೆ ಬಂದರು. ಲೈಸೆನ್ಸು ಕೇಳಿದಾಗ ನೀನು ಫೋನಿನಲ್ಲಿ ಅವರಿಗೆ ನಿಜ ಹೇಳಿ ಅತ್ತೆಯಂತೆ. ಕೋರ್ಟಿನಲ್ಲಿ ಆದ ಮದುವೆಗೆ ಆಶೀರ್ವಾದ ಕೊಡುವ ಪೂಜೆ ಬೇರೆಯೇ ಇದೆ ಅಂತ ಪ್ರಾರ್ಥನಾ ಪುಸ್ತಕ ತೆಗೆದು ತೋರಿಸಿದರು. ಮದುವೆಯಾಗ್ತೀಯಾ ಅಂತ ಕೇಳುವುದಿಲ್ಲ ಅದರಲ್ಲಿ, ಆಗಿದ್ದೀಯಲ್ಲ, ಇನ್ನು ಕೊನೇವರೆಗೂ ನೋಡಿಕೊಳ್ಳುತ್ತೀಯಾ ಅಂತ ಕೇಳುತ್ತಾರೆ. "ಇದೇನೂ ಕಮ್ಮಿ ಅಲ್ಲ ಲೋರ್ನಾ. ಆದರೆ ಮದುವೆ ಇನ್ನೂ ಆಗೇ ಇಲ್ಲ ಅಂತ ವೇದಿ ಮುಂದೆ ನಾಟಕ ಮಾಡಕ್ಕೆ ನನ್ನಿಂದ ಆಗಲ್ಲ" ಅಂದರು. ನನ್ನಿಂದಲೂ ಆಗಲ್ಲ ಅಂದೆ.

ಅದಕ್ಕೇ ಕಳೆದ ಭಾನುವಾರ ಪೂಜೆಯಾದ ಮೇಲೆ ಕಾಫಿ ಕುಡಿಯುವಾಗ ವೇದಿ ಸಂಘದವರಿಗೆಲ್ಲ ನಾನೇ ಹೇಳಿದೆ. ಬೇರೆಯವರ ಬಾಯಿಗೆ ಬೀಳುವುದಕ್ಕಿಂತ ಅದೇ ವಾಸಿ. ಈಡಿತ್, "ನಮ್ಮ ಕಾಲದಲ್ಲಿ ಬಸುರು ಮುಚ್ಚಿಡ್ತಿದ್ರು. ಈಗಿನವರು ಮದುವೆ ಮುಚ್ಚಿಡ್ತಾರೆ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಆದರೆ ಆ ಈಡಿತ್ತೇ ಸಂಜೆ ಬಂದು, ಉಳುಕಿದ ಕೈಯಲ್ಲೇ ಕಟ್ಟಿಕೊಂಡು ತಂದ ಸೂಪಿನ ಪಾತ್ರೆ ಇಟ್ಟು, "ಹೂದಾನಿ ಎರಡೇ, ಅದರಲ್ಲಿ ಬದಲಾವಣೆ ಇಲ್ಲ" ಅಂತ ಹೇಳಿ ಹೋದಳು.

ಹೀಗಾಗಿ ಎಲ್ಲ ನಡೆಯುತ್ತದೆ. ನೀವಿಬ್ಬರೂ ಬನ್ನಿ. ಹಾಳೆಯ ಮೇಲೆ ಮದುವೆ ಅಂತ ಇರುವುದಿಲ್ಲ, ಮದುವೆಯ ಆಶೀರ್ವಾದ ಅಂತ ಇರುತ್ತದೆ. ಕೆಳಗಿನ ಹಾಲ್‌ನಲ್ಲಿ ಊಟ, ಆರ್ವೋ ಕಡೆಯವರ ಏಲಕ್ಕಿ ಬ್ರೆಡ್ಡೂ ಇರಲಿ. ಮೊಣಕಾಲೂರಿ ಕೂರುವ ಕಡೆ ಇನ್ನೊಂದು ಮೆತ್ತೆ ಹಾಕಲು ಹೇಳಿದ್ದೇನೆ, ಕಾಲಿಗೆ ನೋವಾಗಬಾರದು. ನಾನು ಸಿಟ್ಟಿನಲ್ಲಿದ್ದೇನೆ, ಅದು ಜೂನ್ ಹೊತ್ತಿಗೆ ಹೋಗುತ್ತದೆ ಅಂತ ಮಾತು ಕೊಡಲಾರೆ. ಆದರೂ ಬರುವ ದಿನ ಬಸ್‌ ಸ್ಟಾಂಡಿನಲ್ಲಿ ನಿಂತಿರುತ್ತೇನೆ.

ದೇವರು ನಿಮ್ಮಿಬ್ಬರನ್ನೂ ಕಾಯಲಿ. ನಿಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಹೇಳಲಾರದ ಮಾತು ಯಾವುದೂ ಇರದೇ ಹೋಗಲಿ. ನೂರು ಕಾಲ ಬಾಳಿ.

ನಿನ್ನ
ಅಮ್ಮ

ತಾ.ಕ. ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮೇಲೆ ಬರೆದದ್ದು ಅರ್ಧ ಸುಳ್ಳಾಗುತ್ತದೆ. ಅವತ್ತು ಆರ್ವೋನನ್ನು ಇನ್ನೊಂದು ಮಾತು ಕೇಳಿದೆ. ಕೋರ್ಟಿನಲ್ಲಿ ಸಾಕ್ಷಿಗೆ ಯಾರಿದ್ದರು ಅಂತ. ಯಾರೋ ಗೆಳೆಯರ ಹೆಸರು ಹೇಳುತ್ತಾನೆ ಅಂದುಕೊಂಡಿದ್ದೆ. "ವೆಸ್ಲಿ ಮಾವ. ಮತ್ತೆ ಕೊರಿನ್" ಅಂದ.

ನಿನ್ನಪ್ಪ ವೆಸ್ಲಿ ಆ ಕೊರಿನ್ ಜೊತೆ ಮನೆ ಬಿಟ್ಟು ಹೋದಾಗ ನಿನಗೆ ಹನ್ನೊಂದು ವರ್ಷ. ಅಂದಿನಿಂದ ಅವಳ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಈ ಜನವರಿಯಲ್ಲಿ ನೀನು ಫೋನ್ ಮಾಡಿ, "ಅಪ್ಪನ್ನ ಮದುವೆಗೆ ಕರೀಲಾ ಅಮ್ಮಾ? ನೀನು ಬೇಡ ಅಂದ್ರೆ ಕರಿಯಲ್ಲ" ಅಂದೆ. ನಾಳೆ ಹೇಳುತ್ತೇನೆ ಅಂದೆ. ಚರ್ಚಿಗೆ ಹೋಗಿ, ಹೀಟರ್ ಇಲ್ಲದ ಚಳಿಯಲ್ಲಿ ಕೋಟು ಕೂಡ ತೆಗೆಯದೆ ಕೂತೆ. ಪ್ರಾರ್ಥನೆ ಬರಲಿಲ್ಲ, ಬೈಗುಳ ಬಂತು. ಬೈಗುಳ ಮುಗಿಯುವ ತನಕ ಕೂತಿದ್ದು, ಮನೆಗೆ ಬಂದು ನಿನಗೆ ಹೇಳಿದೆ, ಇಬ್ಬರನ್ನೂ ಕರಿ, ಕೊರಿನ್‌ಗೆ ನಾನೇ ಬರೆಯುತ್ತೇನೆ ಅಂತ. ನೀನು ಅತ್ತೆ. ಥ್ಯಾಂಕ್ಸ್ ಅಮ್ಮಾ ಅಂದೆ. ನನ್ನ ಕೈಲಿ ಕೊಡುವುದಕ್ಕೆ ಇದ್ದದ್ದು ಆ ಒಪ್ಪಿಗೆಯೊಂದೇ, ಮಗಳೇ. ಅದನ್ನು ನೀನು ಅಕ್ಟೋಬರಿನಲ್ಲೇ ತೆಗೆದುಕೊಂಡಾಗಿತ್ತು. ಆಮೇಲೆ ಬಂದು ನನ್ನನ್ನು ಕೇಳಿದೆ.

ಅವರು ಬರಲಿ. ಕರೆದವಳು ನಾನೇ. ಆದರೆ ನೀನು ವೇದಿಯ ಮುಂದೆ ನಿಂತಾಗ ನಾನು ಅಳುತ್ತೇನೆ, ಅದನ್ನು ತಡೆಯಲು ನನಗೆ ಆಗುವುದಿಲ್ಲ. ಕೊರಿನ್ ನಿನ್ನ ಮದುವೆ ಒಂದು ಸಲ ನೋಡಿದವಳು, ನಾನು ಆವತ್ತೇ ಮೊದಲ ಸಲ ನೋಡುವವಳು. ಆಗ ಅವಳು ಹಿಂದಿನ ಸಾಲಿನಿಂದ ಬಗ್ಗಿ ತನ್ನ ಕರವಸ್ತ್ರ ನನಗೆ ಕೊಡಬಾರದು. ಇದನ್ನು ಅವಳಿಗೆ ನೀನೇ ಹೇಳು.