ಕಡಲತೀರದ ಮದುವೆಗೆ ನಾನು ಮಳೆ ತಡೆಯುವುದಿಲ್ಲ

ಜಿಲ್ಲಾ ಪ್ರವಾಸೋದ್ಯಮ ಕಚೇರಿಯ ಮುಖ್ಯಾಧಿಕಾರಿಗಳೇ,

ಮೊನ್ನೆ ನಿಮ್ಮ ಕಚೇರಿಯ ಕಾರು ನಮ್ಮ ಊರು ತೆಲಗಸಾರಿಗೆ ಬಂದು, ನನ್ನ ಮನೆಯ ಬಾಗಿಲಲ್ಲಿ ಹೂವು ಹಣ್ಣಿನ ಬುಟ್ಟಿಯೊಂದನ್ನು ಇಳಿಸಿತು. ಜನವರಿಯಲ್ಲಿ ಕಡಲತೀರದಲ್ಲಿ ನಡೆಯಲಿರುವ ನಿಮ್ಮ ಮಗಳ ಮದುವೆಗೆ ನಾನು ಕೂತು ಮಳೆ ತಡೆದುಕೊಡಬೇಕಂತೆ. ಬುಟ್ಟಿಯನ್ನು ಅದೇ ಕಾರಿನಲ್ಲಿ ವಾಪಸ್ ಕಳಿಸಿದ್ದೇನೆ. ಕಾರಣವನ್ನು ನಿಮ್ಮ ಗುಮಾಸ್ತರ ಕಿವಿಯಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ನೀವು ನನ್ನನ್ನು ಅಂದದ್ದು ನಾಲ್ಕು ಜನರ ಎದುರಿಗೆ. ಉತ್ತರವೂ ನಾಲ್ಕು ಜನರಿಗೆ ಗೊತ್ತಾಗಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ನಿಮಗಿದೆ, ಓದುಗರಿಗಿಲ್ಲ. ಮೂವತ್ತೆರಡು ವರ್ಷಗಳಿಂದ ಈ ಬಾಲಿಯ ಕಡಲತೀರದಲ್ಲಿ ಮದುವೆಯಾಗುವ ಪರದೇಶದವರಿಗೆ ಮಳೆ ತಡೆದವನು ನಾನು. ಅವರು ಒಂದು ವರ್ಷ ಮೊದಲೇ ಯೋಜನೆ ಹಾಕಿಕೊಂಡು ಬರುತ್ತಾರೆ. ಹೂವು ಎಷ್ಟು, ದೋಣಿ ಯಾವುದು, ವಾದ್ಯದವರು ಎಲ್ಲಿ ಕೂರಬೇಕು, ಎಲ್ಲವೂ ಪಟ್ಟಿಯಲ್ಲಿರುತ್ತದೆ. ಪಟ್ಟಿಯ ಕೊನೆಯ ಸಾಲು ನಾನು. ಅಡುಗೆ ಡೇರೆಯ ಹಿಂದೆ, ಫೋಟೋದಲ್ಲಿ ಬೀಳದ ಜಾಗದಲ್ಲಿ, ತೆಂಗಿನ ಚಿಪ್ಪಿನ ಕೆಂಡ ಹಾಕಿಕೊಂಡು ಬೆಳಗಿನಿಂದ ಕೂರುತ್ತೇನೆ. ಕೂತ ದಿನ ಸ್ನಾನವಿಲ್ಲ. ಕೊನೆಯ ಅತಿಥಿ ಉಂಡು ಏಳುವವರೆಗೆ ಒಂದು ಗುಟುಕು ನೀರೂ ಇಲ್ಲ. ಮಳೆಯನ್ನು ಕೊಲ್ಲಲು ಯಾರಿಂದಲೂ ಆಗದು, ಬೇರೆ ಕಡೆ ಕಳಿಸಬಹುದು ಅಷ್ಟೆ. ನಮ್ಮ ಹಿರಿಯರು ಅದನ್ನು ಕಡಲಿಗೆ ಕಳಿಸುತ್ತಿದ್ದರು. ಕಡಲಿಗೆ ಮಳೆ ಬಿದ್ದರೆ ಯಾರ ಗಂಟು ಹೋಗುತ್ತದೆ? ಇನ್ನೊಂದು ನಿಯಮವಿದೆ. ಮನೆಯಲ್ಲಿ ಸೂತಕವಿದ್ದವನು ಮಳೆಯ ಮುಂದೆ ಕೂರುವ ಹಾಗಿಲ್ಲ.

ಈ ಕೊನೆಯ ನಿಯಮದಿಂದಲೇ ನಾನು ನಿಮ್ಮ ಕೈಗೆ ಸಿಕ್ಕಿಬಿದ್ದೆ. ನನ್ನ ತಾಯಿ ರೆಂತಿ ತೀರಿಕೊಂಡು ಎರಡು ವರ್ಷ ಮಣ್ಣಿನಲ್ಲಿದ್ದಳು; ಸುಡಲು ದಿನ ಕೂಡಿಬರುವವರೆಗೆ ಹೂಳುವುದು ನಮ್ಮ ಪದ್ಧತಿ. ಮಣ್ಣಿನಲ್ಲಿರುವವರೆಗೆ ಅವಳಿಗೆ ಬಿಡುಗಡೆಯಿಲ್ಲ. ಸುಟ್ಟು, ಬೂದಿಯನ್ನು ಅದೇ ದಿನ ಕಡಲಿಗೆ ಬಿಟ್ಟರೇನೇ ಬಿಡುಗಡೆ. ಪುರೋಹಿತರು ಮಾರ್ಚ್ ತಿಂಗಳ ಒಂದು ದಿನ ಗೊತ್ತುಮಾಡಿದರು. ವಿಧಿ ಶುರುವಾಗಿ ಮನೆಗೆ ಮತ್ತೆ ಸೂತಕ ಬಂತು. ಸಾವಿರ ಮದುವೆಗೆ ಮಳೆ ತಡೆದವನು ಹೆತ್ತ ತಾಯಿಯ ಚಿತೆಗೆ ತಡೆಯುವ ಹಾಗಿರಲಿಲ್ಲ. ಅದಕ್ಕೇ ನನ್ನ ಅಕ್ಕನ ಮಗ ಸುಕರ್ತನಿಗೆ ಹೇಳಿದ್ದೆ. ನನ್ನ ಹತ್ತಿರವೇ ಕಲಿತವನು, ಬೇರೆ ಮನೆತನದವನಾದ್ದರಿಂದ ಅವನಿಗೆ ಈ ಸೂತಕವಿಲ್ಲ. ಆಗ ನಿಮ್ಮ ಕಚೇರಿಯ ಗೇಟಿನಲ್ಲಿ ಕೆಲಸಕ್ಕಿದ್ದ. ಆ ದಿನ ಬೆಳಿಗ್ಗೆ ಅವನೇ ಫೋನ್ ಮಾಡಿದ.

"ಮಾವಾ, ಕೆಲಸ ಕೆಟ್ಟೋಯ್ತು. ಮೆಲ್ಬರ್ನ್‌ನೋರ ಮದುವೆ ಇದೆಯಂತೆ ಬೀಚಲ್ಲಿ. ನಾನೇ ಅಲ್ಲಿ ಕೂರಬೇಕು ಅಂತ ಸಾಹೇಬ್ರು ಆರ್ಡರ್ ಕೊಟ್ಟಿದ್ದಾರೆ."

"ನಿಮ್ಮಜ್ಜಿ ಸಂಸ್ಕಾರ ಕಣೋ ಇವತ್ತು! ಹೇಳ್ಲಿಲ್ವಾ?"

"ಹೇಳ್ದೆ ಮಾವಾ. ಹಾಗಾದ್ರೆ ನಾಳೆಯಿಂದ ಅಜ್ಜಿ ಹತ್ರಾನೇ ಇರು ಅಂದ್ರು. ಮೂರು ಮಕ್ಕಳಿದ್ದಾರೆ ನಂಗೆ, ಏನ್ ಮಾಡ್ಲಿ?"

ಅಳುತ್ತಿದ್ದವನಿಗೆ ನಾನು ಏನು ಹೇಳಲಿ? ಕೂರು, ಆದರೆ ಕಡಲಿಗೆ ಕಳಿಸು ಅಂದೆ. ಅದಕ್ಕೂ ನೀವು ಕಲ್ಲು ಹಾಕಿದಿರಿ. ಮದುಮಗಳು ಕಡಲಿನಿಂದ ದೋಣಿಯಲ್ಲಿ ಬರುವವಳಿದ್ದಳು, ಆ ಕಡೆ ಕಪ್ಪಾದರೆ ಫೋಟೋ ಕೆಡುತ್ತದೆ, ಗುಡ್ಡದ ಕಡೆಗೇ ಕಳಿಸು ಎಂದಿರಿ. ಗುಡ್ಡದ ಬುಡದಲ್ಲಿ ನಮ್ಮ ಸ್ಮಶಾನವಿದೆ, ಮಣ್ಣಿನಿಂದ ಎತ್ತಿದ ನನ್ನ ತಾಯಿಯನ್ನು ಅಲ್ಲಿಗೆ ಹೊತ್ತು ತಂದಾಗಿದೆ ಎಂದು ನಾನೇ ನಿಮಗೆ ಫೋನ್ ಮಾಡಿ ಬೇಡಿಕೊಂಡೆ. ಸುತ್ತ ಸದ್ದಿತ್ತು, ಕೇಳಿಸಲೆಂದು ಫೋನಿನ ಸ್ಪೀಕರ್ ಹಾಕಿದ್ದೆ. ನೆಂಟರು, ಪುರೋಹಿತರು, ಊರ ಹಿರಿಯರು ಎಲ್ಲರೂ ನಿಮ್ಮ ಮಾತು ಕೇಳಿಸಿಕೊಂಡರು.

"ಅಲ್ಲಾ ಯಜಮಾನ್ರೇ, ನಿಮ್ಮ ತಾಯಿ ಸತ್ತು ಎರಡು ವರ್ಷ ಆಯ್ತಲ್ಲ? ಸತ್ತೋರಿಗೆ ನೆಗಡಿ ಆಗುತ್ತಾ?"

ಅಂದು ನಕ್ಕಿರಿ. ನಿಮ್ಮ ಪಕ್ಕದಲ್ಲಿದ್ದ ಯಾರೋ ಕೂಡ ನಕ್ಕರು. ಎಂಟು ತಿಂಗಳಾಯಿತು, ಆ ನಗು ನನ್ನ ಕಿವಿಯಿಂದ ಹೋಗಿಲ್ಲ.

ಮಧ್ಯಾಹ್ನ ಎರಡಕ್ಕೆ ಚಿತೆಗೆ ಬೆಂಕಿ ಕೊಟ್ಟೆವು. ಎರಡೂವರೆಗೆ ಮಳೆ ಸುರಿಯಿತು. ಸುರಿಯಿತು ಅಂದರೆ, ನನ್ನ ಶಿಷ್ಯನ ಕೈಗುಣ ನನಗೆ ಗೊತ್ತಲ್ಲ! ಬೆಂಕಿ ಮೂರು ಸಲ ಆರಿತು. ಮೂರು ಸಲ ಎಣ್ಣೆ ಸುರಿದು ಹೊತ್ತಿಸಿದೆವು. ತಾಯಿಯ ಮೂಳೆಗಳನ್ನು ಕೋಲಿನಲ್ಲಿ ಒಟ್ಟುಮಾಡಿ ಅರ್ಧ ಸುಟ್ಟ ಹಸಿ ಕಟ್ಟಿಗೆಯ ಕೆಳಗೆ ನೂಕಿದ್ದೇನೆ ಸ್ವಾಮಿ, ಈ ಕೈಯಲ್ಲಿ. ನೀವು ಅದನ್ನು ಮಾಡಿದ್ದೀರಾ? ಅದು ಕಾಕತಾಳೀಯ, ಹವಾಮಾನ, ಮೂಢನಂಬಿಕೆ ಎಂದು ನಿಮ್ಮ ಪರವಾಗಿ ಯಾರಾದರೂ ಬರೆಯಬಹುದು. ಬರೆಯಲಿ. ಮೂಢನಂಬಿಕೆಗೆ ಕಚೇರಿಯ ಮೊಹರು ಹಾಕಿ ಆರ್ಡರ್ ಕೊಟ್ಟವರು ಯಾರು ಎಂದೂ ಬರೆಯಲಿ.

ಬೂದಿ ಹೊತ್ತು ಕಡಲಿಗೆ ಬರುವ ಹೊತ್ತಿಗೆ ಸೂರ್ಯ ಇಳಿಯುತ್ತಿದ್ದ. ತೀರಕ್ಕೆ ಅಡ್ಡ ಹೂವಿನ ಹಗ್ಗ ಕಟ್ಟಿದ್ದಿರಿ. ಕಾವಲಿನವರು ನಮ್ಮನ್ನು ತಡೆದರು. ನೀವು ಶರಬತ್ತಿನ ಲೋಟ ಹಿಡಿದುಕೊಂಡೇ ಬಂದು "ನಾಳೆ ಬನ್ರೀ, ಕಡಲೇನು ಓಡಿಹೋಗುತ್ತಾ?" ಎಂದಿರಿ. ನಲವತ್ತು ಜನ ತೊಯ್ದು ತೊಪ್ಪೆಯಾಗಿ ನಿಂತಿದ್ದೆವು. ನನ್ನ ಹೆಂಡತಿ ಬೂದಿಯ ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಆಗ ಬಂದವಳು ಆ ಮದುಮಗಳು. ನಮ್ಮ ಭಾಷೆಯ ಒಂದಕ್ಷರ ತಿಳಿಯದ ಹುಡುಗಿ, ಕುಡಿಕೆ ನೋಡಿದಳು, ನಮ್ಮ ಮುಖ ನೋಡಿದಳು, ಬಿಳಿ ಬಟ್ಟೆ ಮರಳಿನಲ್ಲಿ ಎಳೆಯುತ್ತಾ ಬಂದು ತಾನೇ ಹಗ್ಗ ಬಿಚ್ಚಿದಳು. ವಾದ್ಯ ನಿಲ್ಲಿಸಿದಳು. ನಾವು ನೀರಿಗೆ ಇಳಿದು ಮೇಲೆ ಬರುವವರೆಗೂ ತಲೆ ತಗ್ಗಿಸಿ ನಿಂತಿದ್ದಳು. ಅವಳಿಗೆ ತಿಳಿದದ್ದು ಇಲ್ಲೇ ಹುಟ್ಟಿ, ಇಲ್ಲೇ ನಿಮ್ಮ ತಂದೆಯ ಬೂದಿ ಬಿಟ್ಟ ನಿಮಗೆ ಯಾಕೆ ತಿಳಿಯಲಿಲ್ಲ?

ನಾನು ಊರ ಸಭೆಯಲ್ಲಿ ದೂರು ಕೊಟ್ಟೆ. ಮೂರನೆಯ ದಿನಕ್ಕೇ ನಿಮ್ಮ ಸುತ್ತೋಲೆ ಬಂತು: "ಕಚೇರಿಯ ಪ್ರಮಾಣಪತ್ರವಿಲ್ಲದ ಯಾರೂ ಕಡಲತೀರದ ಮದುವೆಗಳಲ್ಲಿ ಮಳೆ ತಡೆಯಲು ಕೂರತಕ್ಕದ್ದಲ್ಲ." ಪ್ರಮಾಣಪತ್ರಕ್ಕೆ ಪರೀಕ್ಷೆಯಂತೆ. ಪರೀಕ್ಷೆ ಈವರೆಗೆ ನಡೆದೇ ಇಲ್ಲ. ನನ್ನ ಬಾಯಿಗೆ ಬೀಗ ಹಾಕಲು ನೀವು ಇಡೀ ತೀರಕ್ಕೇ ಬೀಗ ಹಾಕಿದಿರಿ. ಅಷ್ಟರಲ್ಲಿ ಮಳೆಗಾಲ ಮುಗಿದು ಆಕಾಶ ತಿಳಿಯಾಗಿತ್ತು, ಯಾರಿಗೂ ಬಿಸಿ ತಟ್ಟಲಿಲ್ಲ.

ಈಗ ನಿಮ್ಮ ಮಗಳು ರಾಟರ್‌ಡ್ಯಾಮಿನ ಹುಡುಗನನ್ನು ಮದುವೆಯಾಗುತ್ತಿದ್ದಾಳೆ. ಇನ್ನೂರು ಬೀಗರು ಪರದೇಶದ ಮದುವೆ ಎಂದು ಹಡಗಿನಷ್ಟು ಸಾಮಾನು ಕಟ್ಟಿಕೊಂಡು ಬರುತ್ತಿದ್ದಾರೆ. ನಕ್ಷತ್ರ ಕಾಣಬೇಕೆಂದು ಚಪ್ಪರವೂ ಇಲ್ಲವಂತೆ. ಅದೂ ಜನವರಿಯಲ್ಲಿ, ನಮ್ಮ ದ್ವೀಪದ ನಡು ಮಳೆಗಾಲದಲ್ಲಿ! ನಿಮ್ಮ ಗುಮಾಸ್ತರು ಕೈ ಮುಗಿದು ಹೇಳಿದರು:

"ಯಜಮಾನ್ರೇ, ದೊಡ್ಡ ಮನಸ್ಸು ಮಾಡಿ. ಹೋಗಲಿ ಬಿಡಿ ಅತ್ಲಾಗೆ."

"ನಂದೇನಿದೆಯಪ್ಪ? ನಿಮ್ಮ ಸಾಹೇಬ್ರದ್ದೇ ಆರ್ಡರ್. ನಾನು ಕಾನೂನು ಮೀರೋ ಮನುಷ್ಯ ಅಲ್ಲ."

ಈ ತೀರದಲ್ಲಿ ಮಳೆ ತಡೆಯುವವರು ನನ್ನನ್ನು ಸೇರಿಸಿ ಒಂಬತ್ತು ಜನ. ಉಳಿದ ಎಂಟು ಮನೆಗೂ ಹೋಗಿ ಬಂದಿದ್ದೇನೆ. ನಿಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸುವುದೆಂದು ಒಂಬತ್ತು ಜನವೂ ದೇವರ ಮುಂದೆ ಮಾತು ಕೊಟ್ಟಿದ್ದೇವೆ. ಗೇಟಿನ ಕೆಲಸ ಬಿಟ್ಟು ಮೀನು ಮಾರುತ್ತಿರುವ ಸುಕರ್ತ ಎಲ್ಲರಿಗಿಂತ ಮೊದಲು ಕೊಟ್ಟ. ಸಾಹೇಬರೇ, ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗೆ! "ಅವರ ಮಗಳು ಏನು ಮಾಡಿದ್ಲು ಪಾಪ, ಅವಳ ಮೇಲೆ ಕೋಪ ಇಲ್ಲ ಅಂತ ಬರೀರಿ" ಎಂದಳು ನನ್ನ ಹೆಂಡತಿ. ಬರೆದಿದ್ದೇನೆ. ಅವಳ ಅಪ್ಪನ ಮೇಲಿದೆ, ಬೆಟ್ಟದಷ್ಟಿದೆ.

ನಿಮಗೆ ದಾರಿ ಒಂದೇ. ಬರುವ ಅಮಾವಾಸ್ಯೆಯೊಳಗೆ ನಮ್ಮ ಊರ ಚಾವಡಿಗೆ ಬನ್ನಿ. ಕಾರು ಕಳಿಸಬೇಡಿ, ನೀವೇ ನಡೆದು ಬನ್ನಿ. ಫೋನಿನಲ್ಲಿ ಅಂದ ಮಾತನ್ನು ನೂರ ನಲವತ್ತು ಮನೆಯವರ ಎದುರು ಇನ್ನೊಮ್ಮೆ ಅನ್ನಿ, ನಗದೆ ಅನ್ನಿ. ಆಮೇಲೆ ಕಡಲಿಗೆ ಮುಖ ಮಾಡಿ ನನ್ನ ತಾಯಿಯ ಕ್ಷಮೆ ಕೇಳಿ. ಸುತ್ತೋಲೆಯನ್ನು ಅಲ್ಲೇ ಹರಿಯಿರಿ. ಹಾಗೆ ಮಾಡಿದರೆ ನಿಮ್ಮ ಮಗಳ ಮದುವೆಗೆ ನಾನೇ ಕೂರುತ್ತೇನೆ.

ಬರದಿದ್ದರೆ, ನಿಮ್ಮ ಮಾತನ್ನೇ ಒಪ್ಪಿಕೊಳ್ಳುತ್ತೇನೆ. ಸತ್ತವರಿಗೆ ನೆಗಡಿಯಾಗುವುದಿಲ್ಲ. ಆಗುವುದು ಬದುಕಿರುವವರಿಗೆ. ಬೀಗರಿಗೆ ಕೊಡೆ ತರಲು ಈಗಲೇ ಹೇಳಿಬಿಡಿ.

ಇಂತಿ,
ಪ್ರಮಾಣಪತ್ರವಿಲ್ಲದ, ನಿಮ್ಮ ಮಗಳ ಮದುವೆಯ ದಿನ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಹೊಟ್ಟೆ ತುಂಬ ನೀರು ಕುಡಿದು ಮನೆಯಲ್ಲೇ ಕೂತಿರುವ
ನೆಂಗಾ ಸುವಿತ್ರ
ತೆಲಗಸಾರಿ