ಸತ್ತ ಮೇಲೂ ಬಾಯಿ ಬಿಡದ ಬೆಸುಗೆಯವರು

ಫ್ಯೂಷನ್ ಕಡತಗಳ ಗುಟ್ಟು ಬಿಚ್ಚುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹಳೆಯ ಫ್ಯೂಷನ್ ಸಂಶೋಧನೆಯ ಕಡತಗಳನ್ನು ಸರ್ಕಾರ ಜನರಿಗೆ ತೆರೆದಿದೆ ಎಂದು ಪತ್ರಿಕೆಯಲ್ಲಿ ಓದಿ, ನಮ್ಮ ಯಜಮಾನರ ಕೆಲಸದ ದಾಖಲೆ ಕೊಡಿ ಎಂದು ಅರ್ಜಿ ಹಾಕಿದೆ. ನಿಮ್ಮ ಕಚೇರಿಯ ಉತ್ತರ ಒಂದೇ ಸಾಲು: "ಬೆಸುಗೆ ಕೆಲಸಗಾರರ ದಾಖಲೆಗಳು ಸಂಶೋಧನೆಯ ವ್ಯಾಪ್ತಿಗೆ ಬಾರದ ಕಾರಣ ಅವನ್ನು ಬಹಿರಂಗಪಡಿಸುವ ಪ್ರಶ್ನೆ ಉದ್ಭವಿಸುವುದಿಲ್ಲ." ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಕೇಳುತ್ತೇನೆ: ಸಂಶೋಧನೆಯೇ ಅಲ್ಲದ ಕೆಲಸಕ್ಕೆ, ಬಾಯಿ ಬಿಡುವುದಿಲ್ಲವೆಂದು ಅವರಿಂದ ಸಹಿ ಹಾಕಿಸಿಕೊಂಡಿದ್ದೇಕೆ?

ಭದ್ರಾವತಿಯಲ್ಲಿ ಅವರ ಬೆಸುಗೆಗೆ ಹೆಸರಿತ್ತು. ಎಂಬತ್ತಾರರಲ್ಲಿ ನಿಮ್ಮವರು ಬಂದು ಕರೆದುಕೊಂಡು ಹೋದರು. ಹನ್ನೊಂದು ವರ್ಷ. ವರ್ಷಕ್ಕೆರಡು ಸಲ ಮನೆಗೆ ಬಂದಾಗ, ಮಧ್ಯಾಹ್ನ ಉಂಡು ಒರಗಿದರೂ, ನಿದ್ದೆಯಲ್ಲಿ ಏನಾದರೂ ಆಡಿಬಿಟ್ಟೇನೆಂದು ಬಾಯಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ವಠಾರದ ಕಾಶಮ್ಮ ನಲ್ಲಿಯ ಹತ್ತಿರ ಎಲ್ಲರ ಮುಂದೆ ಕೇಳಿದಳು: "ನಿಮ್ಮೋರು ಅಲ್ಲೇನ್ ಬಾಂಬ್ ಮಾಡ್ತಾರೋ, ಇನ್ನೊಂದ್ ಸಂಸಾರ ಮಾಡ್ತಾರೋ, ಮಾರಾಯ್ತಿ?" ಕೊಡ ಎತ್ತಿಕೊಂಡು ಬಂದೆ. ಆದರೆ ಆ ಮಾತು ನನ್ನ ಹಿಂದೆಯೇ ಮನೆಯೊಳಗೆ ಬಂತು. ಅವರ ಅಂಗಿ ಮೂಸಿದ್ದೇನೆ, ಪೆಟ್ಟಿಗೆ ತಡಕಿದ್ದೇನೆ. ಇದನ್ನು ಮಕ್ಕಳಿಗೂ ಹೇಳಿದವಳಲ್ಲ.

ಆರು ವರ್ಷದ ಹಿಂದೆ, ಅವರ ಕೊನೆಯ ದಿನ, ಕೇಳಿಯೇ ಬಿಟ್ಟೆ: ಅಲ್ಲಿ ಯಾರಾದರೂ ಇದ್ದರೇ? "ಸಹಿ ಹಾಕಿದೀನಲ್ಲೇ," ಎಂದರು. ಹೌದೂ ಅಲ್ಲ, ಇಲ್ಲವೂ ಅಲ್ಲ.

ಸೊಸೆ ಸ್ಪಂದನಾ ವಿಜ್ಞಾನದ ಟೀಚರು. ನೀವು ತೆರೆದ ಪುಟಗಳನ್ನು ಅವಳೇ ಓದಿ ಹೇಳಿದಳು. ಫ್ಯೂಷನ್ ಎಂದರೆ ಎರಡು ಪರಮಾಣು ಬೀಜಗಳನ್ನು ಒಂದು ಮಾಡುವುದಂತೆ. ಸೂರ್ಯನೊಳಗೆ ನಡೆಯುವುದೂ ಅದೇ ಅಂತೆ. "ಅದೂ ಬೆಸುಗೆನೇ ಅತ್ತೆ," ಎಂದಳು. ಅದಕ್ಕೆಂದೇ ಮಾಡಿದ, ಒಳಗೆ ಗಾಳಿಯೇ ಇರಬಾರದ ಉಕ್ಕಿನ ಪಾತ್ರೆಯ ಬೆಸುಗೆ ವರ್ಷಗಟ್ಟಲೆ ಒಂದುಸಿರು ಗಾಳಿಯನ್ನೂ ಒಳಗೆ ಬಿಡಲಿಲ್ಲ ಎಂದು ಆ ಪುಟಗಳಲ್ಲಿ ಹೊಗಳಿಕೆ ಇದೆ. ಬೆಸೆದವರ ಹೆಸರಿಲ್ಲ. ಬೀಜ ಬೆಸೆಯಲು ಹೊರಟವರು ವಿಜ್ಞಾನಿಗಳು, ಪಾತ್ರೆ ಬೆಸೆದವರು ಯಾರೂ ಅಲ್ಲವೇ? ಆ ಪಾತ್ರೆ ಇಲ್ಲದಿದ್ದರೆ ನಿಮ್ಮ ಸೂರ್ಯನನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಿರೋ?

ಸತ್ತವರು ಕಾಡುವುದೆಂದರೆ ಮಾತಾಡುವುದು ಎಂದುಕೊಂಡಿದ್ದೆ. ದುರ್ಗಿಗುಡಿಯ ಈ ಮನೆಯಲ್ಲಿ, ನಾನು ಒಲೆಯ ಮುಂದಿರುವಾಗ, ನಡುಮನೆಯಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳುತ್ತದೆ. ಏನೋ ಹೇಳುವ ಮುಂಚೆ ಅವರು ಹಾಗೆಯೇ ಮಾಡುತ್ತಿದ್ದರು. ಸೌಟು ಹಿಡಿದು ಕಾಯುತ್ತೇನೆ. ಮಾತು ಬರುವುದಿಲ್ಲ. ನಿಮಗೆ ಕೊಟ್ಟ ವಚನವನ್ನು ಇನ್ನೂ ಪಾಲಿಸುತ್ತಿದ್ದಾರೆ. ಅಂಥ ನೌಕರರು ನಿಮ್ಮಲ್ಲಿ ಇನ್ನೆಷ್ಟು ಜನ ಇದ್ದಾರೆ?

ಪರಿಹಾರ ಬೇಡ, ಶಾಲು ಹಾರ ಬೇಡ. ದಾಖಲೆಯೂ ನಿಮ್ಮಲ್ಲೇ ಇರಲಿ. ಅವರ ಹೆಸರಿಗೆ, ಕನ್ನಡದಲ್ಲಿ, ಮೊಹರು ಹಾಕಿ ಒಂದು ಕಾಗದ ಕಳಿಸಿ: ನೀವಿನ್ನು ಹೇಳಬಹುದು, ಎಂದು. ಸವಳಂಗ ರಸ್ತೆಯಾಚೆ ನಮ್ಮ ಹೊಲದಲ್ಲಿ ಅವರನ್ನು ಕೂರಿಸಿ ಮಣ್ಣು ಮಾಡಿದ್ದೇವೆ. ಎದುರು ಕೂತು ಆ ಕಾಗದ ಓದುತ್ತೇನೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅರ್ಜಿಯಲ್ಲೂ ಅದನ್ನು ಸೊಸೆಯೇ ಬರೆದಳು. ಅವತ್ತು ಮಾತ್ರ ನಾನೇ ಹೆಸರು ಹಿಡಿದು ಕರೆಯುತ್ತೇನೆ. ಅವರು ಏನು ಹೇಳಿದರೂ ಕೇಳಿಸಿಕೊಳ್ಳಲು ಸಿದ್ಧಳಿದ್ದೇನೆ.

ಇಂತಿ,
ನಲವತ್ತೊಂದು ವರ್ಷ ಸಂಸಾರ ಮಾಡಿಯೂ ಗಂಡನ ಪರಿಚಯ ಅರ್ಧವೇ ಆದ
ಬಸವರಾಜೇಶ್ವರಿ
ದುರ್ಗಿಗುಡಿ, ಶಿವಮೊಗ್ಗ