ಹೆಬ್ಬೆರಳೊತ್ತಿದ ಚೀಸ್

ಕಾಸಾ ದೆಲ್ ಪೋಸೋ,
ವಿಯಾರೋಬ್ಲೆದೋ ದಾರಿ, ಲಾ ಮಂಚಾ
೧೫ ನವೆಂಬರ್ ೧೯೬೬, ಮಂಗಳವಾರ

ಪ್ರೀತಿಯ ಎಲಾದಿಯೋ,

ನಿನ್ನ ಎದೆನೋವು ಈಗ ಹೇಗಿದೆ? ಕೊಲೋನಿನ ಚಳಿಗೆ ಕೆಮ್ಮು ಬಿಡುತ್ತಿಲ್ಲ ಎಂದು ನೀನು ಬರೆದಿದ್ದೆ. ನಾನು ಹೆಣೆದು ಕಳಿಸಿದ ಉಣ್ಣೆಯ ಒಳಂಗಿ ಹಾಕಿಕೊಳ್ಳುತ್ತೀಯೋ, ಇಲ್ಲ ಆ ಕಾರ್ಖಾನೆಯವರು ನಗುತ್ತಾರೆಂದು ಪೆಟ್ಟಿಗೆಯಲ್ಲೇ ಮಡಚಿಟ್ಟಿದ್ದೀಯೋ? ನಿನ್ನನ್ನು ನಾನು ಬಲ್ಲೆ, ಮಡಚಿಯೇ ಇಟ್ಟಿರುತ್ತೀಯ. ಇಲ್ಲಿ ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಈ ಸಲ ಕೈ ಏಳುತ್ತಿಲ್ಲ. ನಿನ್ನ ಮಗಳು ನಿವೆಸ್‌ಳ ಮುಂದಿನ ಹಲ್ಲು ಬಿದ್ದಿದೆ, ಬಾಯ್ತುಂಬಾ ಗಾಳಿ ಬಿಟ್ಟುಕೊಂಡು ಮಾತಾಡುತ್ತಾಳೆ. ಅತ್ತೆಯ ಬೆರಳ ಗಂಟುಗಳು ಊದಿ, ಲೋಟ ಹಿಡಿಯುವುದೂ ಕಷ್ಟವಾಗಿದೆ. ಬೇಸಿಗೆಯಲ್ಲಿ ಕುರಿಗಳಿಗೆ ಕೆಚ್ಚಲು ಬಾವು ಬಂದದ್ದು ಬರೆದಿದ್ದೆನಲ್ಲ, ಉಳಿದವುಗಳ ಹಾಲು ಕರೆಯುವುದು ನಾನು ಮತ್ತು ನಿನ್ನ ತಂಗಿ ಲೊರೆತೋ. ಹಾಲು ಕರೆದು, ಕಾಯಿಸಿ, ಹೆಪ್ಪು ಹಾಕಿ, ಹುಲ್ಲಿನ ಪಟ್ಟಿ ಸುತ್ತಿ ಒತ್ತಿಟ್ಟು ನೆಲಮಾಳಿಗೆಯಿಂದ ಮೇಲೆ ಬರುವಷ್ಟರಲ್ಲಿ ನನ್ನ ಸೊಂಟ ನನ್ನದಲ್ಲ ಅನ್ನಿಸುತ್ತದೆ. ದೂರಲು ಬರೆಯುತ್ತಿಲ್ಲ. ಸುಸ್ತಾಗಿದೆ, ಅಷ್ಟೇ.

ಮೊದಲು ಸಿಹಿ ಸುದ್ದಿ. ಲೊರೆತೋಳನ್ನು ಕೇಳಲು ಬ್ಲಾಸ್‌ನ ಮನೆಯವರು ಮೊನ್ನೆ ಭಾನುವಾರ ಬಂದಿದ್ದರು. ಮುಂದೆ ಅವನ ತಾಯಿ ದೋನ್ಯಾ ಕಾಸಿಲ್ದಾ, ಆಕೆಯ ಹಿಂದೆ ಅವಳ ಗಂಡ, ಇಬ್ಬರ ಹಿಂದೆ ಕುತ್ತಿಗೆ ಕೊಯ್ಯುವಂಥ ಕಾಲರ್ ಹಾಕಿಕೊಂಡ ಬ್ಲಾಸ್, ಪಾಪ. ಒಪ್ಪಿಗೆಯಾಯಿತು. ಜನವರಿಯಲ್ಲಿ ರಾಜರ ಹಬ್ಬ ಕಳೆದ ಮೇಲೆ ಮದುವೆ. ಆದರೆ ಆ ಒಪ್ಪಿಗೆಗೆ ಮುಂಚೆ ನಮ್ಮ ಮನೆಯಲ್ಲಿ ನಡೆದದ್ದನ್ನು ನಿನಗೆ ಬರೆಯಲೇಬೇಕು. ಲೊರೆತೋ ಬರೆಯುವುದಿಲ್ಲ, ಅವಳಿಗೆ ಈಗ ಬ್ಲಾಸ್‌ನ ಕಾಲರ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೆಣ್ಣು ಕೇಳಲು ಬಂದವರ ಮುಂದೆ ಎಳೆಯ ಚೀಸ್ ಇಟ್ಟರೆ ಏನರ್ಥ ಎಂದು ನಿನಗೆ ಗೊತ್ತು. ನಾನು ಸಮುದ್ರದ ಕಡೆಯವಳು, ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಗೊತ್ತಿರಲಿಲ್ಲ. ನಿನ್ನ ಚಿಕ್ಕಮ್ಮನ ಮಗಳನ್ನು ನೋಡಲು ಬಂದವರಿಗೆ ಮೃದುವಾಗಿದೆ, ಹಲ್ಲಿಗೆ ಹಿತ ಎಂದು ಹೊಸ ಚೀಸನ್ನೇ ಕತ್ತರಿಸಿಟ್ಟಿದ್ದೆ. ಅವರು ಒಂದು ತುಂಡೂ ಮುಟ್ಟದೆ ಟೋಪಿ ತೆಗೆದುಕೊಂಡು ಎದ್ದರು. ಆಮೇಲೆ ನಿನ್ನಮ್ಮ ಅವರ ಹಿಂದೆ ರಸ್ತೆಯವರೆಗೂ ಓಡಿ, "ಅಯ್ಯೋ, ಇವಳು ಮೀನೂರಿನವಳು ಕಣ್ರಪ್ಪಾ, ಇವಳಿಗೇನು ಗೊತ್ತು! ನಾವು ಬೇಡ ಅಂದಿಲ್ಲ!" ಎಂದು ಕೂಗಿ ಕರೆತಂದಿದ್ದರು. ನೀನು ಕೊಟ್ಟಿಗೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಂದಿನಿಂದ ಈ ಮನೆಯಲ್ಲಿ ಚೀಸಿನ ಚಾಕು ಅತ್ತೆಯ ಕೈಯಲ್ಲೇ. ಒರೆಸುವುದು ನಾನು, ತಿರುವಿಡುವುದು ನಾನು, ಬೂಸು ಉಜ್ಜುವುದು ನಾನು. ಅತಿಥಿಗಳ ಮುಂದೆ ಕತ್ತರಿಸುವುದು ಮಾತ್ರ ಅವರು.

ಈಗ ಕಷ್ಟ ಏನೆಂದರೆ, ಹಾಲು ಕಡಿಮೆಯಾದ ವರ್ಷ, ಇದ್ದ ಹಳೆಯ ಚೀಸೆಲ್ಲ ವ್ಯಾಪಾರಿಗೆ ಹೋಗಿತ್ತು. ನೆಲಮಾಳಿಗೆಯ ಹಲಗೆ ಮೇಲೆ ಇರುವುದೆಲ್ಲ ಎಳೆಯದು, ಒತ್ತಿದರೆ ಬೆರಳು ಇಳಿಯುವಂಥದ್ದು. ಹಳೆಯದು ಒಂದೇ ಒಂದು ಇತ್ತು, ಎಣ್ಣೆಯ ಜಾಡಿಯಲ್ಲಿ. ಯಾವುದು ಎಂದು ನಿನಗೆ ಹೇಳಬೇಕಾಗಿಲ್ಲ. ನೀನು ಜರ್ಮನಿಗೆ ಹೊರಟ ದಿನ ಬೆಳಗಿನ ಹಾಲಿನದು. ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿದ್ದರೂ ಅತ್ತೆ ನಿನ್ನನ್ನು ಎಳೆದುಕೊಂಡು ಹೋಗಿ, ಹಸಿ ಚೀಸಿನ ಅಂಚಿಗೆ ನಿನ್ನ ಹೆಬ್ಬೆರಳು ಒತ್ತಿಸಿದ್ದರು. ಅವರಪ್ಪ ಮೊರಾಕ್ಕೋದ ಯುದ್ಧಕ್ಕೆ ಹೋಗುವಾಗ ಅವರಜ್ಜಿ ಹೀಗೇ ಮಾಡಿದ್ದರಂತೆ. ಹೋದವನು ಬಂದು ತಾನೇ ಕತ್ತರಿಸಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಪ್ರತಿ ತಿಂಗಳೂ ನಾನು ಅದನ್ನು ಎತ್ತಿ ನೋಡಿ ಮತ್ತೆ ಎಣ್ಣೆಗೆ ಇಳಿಸುತ್ತಿದ್ದೆ. ಹಾಗೆ ಎತ್ತಿದಾಗ ಆ ಗುಳಿಯಲ್ಲಿ ನನ್ನ ಹೆಬ್ಬೆರಳು ಇಟ್ಟು ನೋಡುತ್ತಿದ್ದೆ. ನಗಬೇಡ.

ಶನಿವಾರ ಅಡುಗೆಮನೆಯಲ್ಲಿ ಅತ್ತೆ ತಲೆಯೆತ್ತದೆ ಬಾದಾಮಿ ಸುಲಿಯುತ್ತಾ, "ನಾಳೆಗೆ ಜಾಡಿಯದು ತೆಗಿ" ಎಂದರು. ನಾನು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಯಾವ ಜಾಡಿ ಅಂದೆ. "ಇರೋದು ಒಂದೇ ಜಾಡಿ ಅಲ್ವೇನೇ? ಕಿವಿಗೂ ಉಪ್ಪು ಹಾಕಿ ಇಟ್ಟಿದ್ದೀಯಾ?" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು ಎಲಾದಿಯೋ. ಇಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡದವಳು ಅವತ್ತು ಮಾತಾಡಿದೆ. ಅದು ನಿಮ್ಮ ಮಗನದು, ಲೊರೆತೋ ಮದುವೆಗಾಗಿ ಅವನು ಮನೆಗೆ ಬರುವ ದಾರಿ ಮುಚ್ಚುತ್ತೀರಾ ಎಂದೆಲ್ಲ ಕೂಗಾಡಿದೆ. ಅವರು ಬಾದಾಮಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅವನ ಕಾಗದ ನೀನೇ ತಾನೇ ಓದಿದ್ದು" ಎಂದರು. "ಮೊದಲು ಕ್ರಿಸ್‌ಮಸ್‌ಗೆ ಅಂದ. ಆಮೇಲೆ ಆಗಸ್ಟ್ ಅಂದ. ಈಗ ಮುಂದಿನ ವರ್ಷ ಅಂತಾನೆ. ಅವನಿಗೆ ಮುಂದಿನ ವರ್ಷ ಇರುತ್ತೆ ಕಣೇ ಹುಡುಗಿ, ಚೀಸಿಗೆ ಇರಲ್ಲ. ಇನ್ನೊಂದು ಬೇಸಿಗೆ ಕಂಡ್ರೆ ಅದು ತಿನ್ನೋಕೆ ಬರಲ್ಲ, ಬಾಗಿಲಿಗೆ ಒತ್ತು ಕೊಡೋಕೆ ಬರುತ್ತೆ." ಆಮೇಲೆ ಇನ್ನೊಂದು ಬಾದಾಮಿ ಸುಲಿದು ಹಾಕಿ, "ನಂಗೂ ಹೊಟ್ಟೆ ಉರೀತದೆ" ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುವ ಮುಂಚೆಯೇ ಅದನ್ನು ಜಾಡಿಯಿಂದ ತೆಗೆದು, ಎಣ್ಣೆ ಒರೆಸಿ, ಬಟ್ಟೆ ಮುಚ್ಚಿ ಮೇಜಿನ ಮೇಲಿಟ್ಟೆ. ನೆಲಮಾಳಿಗೆಯ ತಣುಪು ಬಿಡದೆ ಚೀಸ್ ಬಾಯಿ ಬಿಟ್ಟು ರುಚಿ ಕೊಡುವುದಿಲ್ಲ, ಅಷ್ಟನ್ನು ನಿಮ್ಮ ಈ ಮನೆ ನನಗೆ ಕಲಿಸಿದೆ. ಸಂಜೆ ಎಲ್ಲರೂ ಕೂತರು. ಮೆಂಬ್ರಿಯೋ ಹಣ್ಣಿನ ಹಲ್ವ, ಬ್ರೆಡ್ಡು, ವೈನು ಬಂತು. ದೋನ್ಯಾ ಕಾಸಿಲ್ದಾಳ ಕಣ್ಣು ಬಟ್ಟೆ ಮುಚ್ಚಿದ ಚೀಸಿನ ಮೇಲೇ ಇತ್ತು, ಮಾತೆಲ್ಲ ಅವಳ ಮಂಡಿ ನೋವಿನದು. ಅತ್ತೆ ಚಾಕು ತೆಗೆದುಕೊಂಡರು, ಊದಿದ ಬೆರಳು ಹಿಡಿಯ ಸುತ್ತ ಮಡಚಲಿಲ್ಲ. ಮತ್ತೊಮ್ಮೆ ಹಿಡಿದರು. ಆಮೇಲೆ ಎಲ್ಲರ ಮುಂದೆ ಅದನ್ನು ನನ್ನ ಕಡೆ ತಿರುಗಿಸಿ, "ನೀನು ಕತ್ತರಿಸು" ಎಂದರು. ಬೆನ್ನ ಹಿಂದೆ ಲೊರೆತೋ ಉಸಿರು ಹಿಡಿದದ್ದು ನನಗೆ ಕೇಳಿಸಿತು.

ಹೆಬ್ಬೆರಳಿನ ಗುರುತು ಒಂದೇ ಹೋಳಿಗೆ ಉಳಿಯುವಂತೆ ತಿರುಗಿಸಿಟ್ಟುಕೊಂಡು ನಡುವೆ ಚಾಕು ಇಳಿಸಿದೆ. ಅದು ಸುಲಭಕ್ಕೆ ಇಳಿಯಲಿಲ್ಲ, ಎರಡೂ ಕೈ ಹಾಕಿ ಒತ್ತಬೇಕಾಯಿತು. ಒಳಗೆ ಹಳೇ ಬೆಣ್ಣೆಯ ಬಣ್ಣ, ಅಲ್ಲಲ್ಲಿ ಉಪ್ಪಿನ ಹರಳಿನಂಥ ಚುಕ್ಕೆ. ಗುರುತಿಲ್ಲದ ಹೋಳಿನಿಂದ ಮಾತ್ರ ತುಂಡು ತೆಗೆದೆ. ಮೇಲಿನ ಕೆಳಗಿನ ಸಿಪ್ಪೆ ತೆಗೆದು, ಕೈಯಲ್ಲಿ ಹಿಡಿಯಲು ಬದಿಯ ಸಿಪ್ಪೆ ಬಿಟ್ಟು, ತೆಳ್ಳಗೆ ಮುಮ್ಮೂಲೆಯಾಗಿ, ಒಂದರ ಮೇಲೊಂದು ಬೀಳದ ಹಾಗೆ ತಟ್ಟೆಯಲ್ಲಿ ಹರಡಿದೆ. ದೋನ್ಯಾ ಕಾಸಿಲ್ದಾ ಮೊದಲು ಮೂಸಿದಳು. ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮಂಡಿ ನೋವಿನ ಮಾತು ಅರ್ಧಕ್ಕೇ ನಿಂತಿತು. "ಯಾರಮ್ಮ ಮಾಡಿದ್ದು ಇದನ್ನ?" ಎಂದು ಕೇಳಿದಳು. ಅದಕ್ಕೆ ನಿನ್ನಮ್ಮ ಏನು ಹೇಳಿದರು ಗೊತ್ತೇ? "ಹಾಲು ಕುರೀದು, ಹೆಪ್ಪು ನಂದು. ಕಾದದ್ದೆಲ್ಲ ನನ್ನ ಸೊಸೆ." ನಾನು ನೀರು ತರುವ ನೆಪ ಮಾಡಿ ಎದ್ದು ಹೋಗಿ ಬಾವಿಕಟ್ಟೆಯ ಹತ್ತಿರ ಅತ್ತುಬಿಟ್ಟೆ. ಹೊಗಳಿಕೆಗೆ ಅತ್ತೆನೋ, ಹೊಟ್ಟೆಸಂಕಟಕ್ಕೆ ಅತ್ತೆನೋ ನನಗೇ ತಿಳಿಯದು. ಒಳಗೆ ಬಂದಾಗ ನಿವೆಸ್ ಬ್ರೆಡ್ಡಿನ ಮೇಲೆ ಒಂದು ತುಂಡು ಇಟ್ಟುಕೊಂಡು ಅಗಿಯುತ್ತಿದ್ದಳು. "ಅಮ್ಮಾ, ಇದು ಅಪ್ಪನ ಚೀಸಾ? ನಾಲಿಗೆ ಚುರ್ ಅನ್ನುತ್ತೆ. ಅಪ್ಪ ಬೈತಾನಾ?" ಎಂದು ಕೇಳಿದಳು. ಇಲ್ಲ ಮಗಳೇ, ತಿನ್ನು ಎಂದೆ.

ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ, ಎದೆಗೆ ಬಿಸಿ ಎಣ್ಣೆ ಹಚ್ಚಿಕೋ ಎಂದಿದ್ದಾರೆ. ಲೊರೆತೋ ಮುತ್ತು ಕಳಿಸಿದ್ದಾಳೆ. ನಿವೆಸ್ ಬಿದ್ದ ಹಲ್ಲನ್ನು ನಿನಗೆ ತೋರಿಸಲು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ, ಅಂಚೆಯಲ್ಲಿ ಕಳಿಸಲು ಒಪ್ಪುವುದಿಲ್ಲ. ದೇವರು ನಿನ್ನನ್ನು ಕಾಯಲಿ.

ನಿನ್ನ
ಒಬ್ದುಲಿಯಾ

ಮರೆತ ಮಾತು: ಹೆಬ್ಬೆರಳಿನ ಗುರುತಿರುವ ಹೋಳನ್ನು ಯಾರೂ ಮುಟ್ಟಿಲ್ಲ. ಕತ್ತರಿಸಿದ ಮುಖಕ್ಕೆ ಎಣ್ಣೆ ಸವರಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಕೊಯ್ದ ಚೀಸ್ ಮತ್ತೆ ಜಾಡಿಗೆ ಹೋಗುವುದಿಲ್ಲ, ನಿನಗೇ ಗೊತ್ತು. ಹುಷಾರಾಗಿ ನೋಡಿಕೊಂಡರೆ ರಾಜರ ಹಬ್ಬದವರೆಗೆ ತಾಳುತ್ತದೆ. ಅಷ್ಟರೊಳಗೆ ಬಂದರೆ ನೀನೇ ಕತ್ತರಿಸು, ಚಾಕು ಈಗ ನನ್ನ ಹತ್ತಿರ ಇದೆ, ಕೊಡುತ್ತೇನೆ. ಬರದಿದ್ದರೆ ಹಬ್ಬದ ದಿನ ನಾನೂ ನಿವೆಸ್‌ಳೂ ಕೂತು ಸಿಪ್ಪೆವರೆಗೂ ತಿಂದು ಮುಗಿಸುತ್ತೇವೆ. ಆಮೇಲೆ ಇನ್ನೊಂದನ್ನು ನಾನು ಇಡುವುದಿಲ್ಲ. ಜಾಡಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೇನೆ.